ಜೋಡಿ ಕಟ್ಟಿದವರು: ದಸರಾ ಕುಸ್ತಿಯ ಚರಿತ್ರೆ, ಕೋಲಾರ ಸೀಮೆಯಿಂದ ಕಂಡಂತೆ

ದಸರಾ ಕುಸ್ತಿ ಮುಗಿದ ಮರುದಿನ ಪತ್ರಿಕೆಗಳಲ್ಲಿ ಗೆದ್ದವನ ಫೋಟೊ ಬರುತ್ತದೆ. ಹೆಗಲ ಮೇಲೆ ಬೆಳ್ಳಿ ಗದೆ, ಕೊರಳಲ್ಲಿ ಹಾರ, ಮೈತುಂಬ ಕೆಮ್ಮಣ್ಣು. ಪಂದ್ಯಕ್ಕೆ ಮುಂಚೆ ನಡೆದ ಇನ್ನೊಂದು ಕೆಲಸಕ್ಕೆ ಮಾತ್ರ ಪತ್ರಿಕೆಯಲ್ಲಿ ನಾಲ್ಕು ಸಾಲು ಸಿಕ್ಕರೆ ಹೆಚ್ಚು. ಆ ಕೆಲಸವೇ ಜೋಡಿ ಕಟ್ಟುವುದು. ನನ್ನ ಮಟ್ಟಿಗೆ ದಸರಾ ಕುಸ್ತಿಯ ನಿಜವಾದ ಚರಿತ್ರೆ ಅಲ್ಲಿದೆ. ರಾಜರು ಬಂದರು, ಹೋದರು, ಸರ್ಕಾರ ಬಂತು. ಜೋಡಿ ಕಟ್ಟುವವರು ಕೈಬಿಡಲಿಲ್ಲ, ಆದ್ದರಿಂದ ಕುಸ್ತಿ ಉಳಿಯಿತು.

ಜೋಡಿ ಕಟ್ಟುವ ದಿನ ಗರಡಿ ಗರಡಿಗಳಿಂದ ಪೈಲ್ವಾನರು ಬಂದು ಸೇರುತ್ತಾರೆ. ಮೀಸೆ ಚಿಗುರುವ ಹುಡುಗರಿಂದ ಹಿಡಿದು ಕಿವಿ ಮುದುಡಿದ ಹಳೇ ಹುಲಿಗಳವರೆಗೆ ಎಲ್ಲರೂ ಅಲ್ಲಿರುತ್ತಾರೆ. ಅಂಗಿ ಬಿಚ್ಚಿಸಿ ಒಬ್ಬನ ಪಕ್ಕಕ್ಕೆ ಇನ್ನೊಬ್ಬನನ್ನು ನಿಲ್ಲಿಸುತ್ತಾರೆ. ತೂಕದ ಯಂತ್ರ ಇರುತ್ತದೆ, ಆದರೆ ಉಸ್ತಾದರ ಕಣ್ಣು ಯಂತ್ರದ ಮೇಲೆ ಇರುವುದಿಲ್ಲ. ಕೊರಳು ಎಷ್ಟು ದಪ್ಪ, ಭುಜ ಎಷ್ಟು ಇಳಿದಿದೆ, ತೊಡೆಯ ಕಸುವೇನು, ನಿಂತಾಗ ಭಾರ ಹಿಮ್ಮಡಿಗೆ ಬೀಳುತ್ತದೋ ಮುಂಗಾಲಿಗೋ, ಎಲ್ಲವನ್ನೂ ನೋಡುತ್ತಾರೆ. ‘ಇವನು ನಮ್ಮ ಹುಡುಗನಿಗಿಂತ ಹಳೇ ಕೈ ಕಣ್ರೀ, ಬೇಡ’ ಎಂದು ಒಬ್ಬರು ತಲೆ ಅಲ್ಲಾಡಿಸುತ್ತಾರೆ. ‘ಹಾಗಾದರೆ ಅವರಣ್ಣನ್ನ ಕೊಡಿ’ ಎಂದು ಇನ್ನೊಬ್ಬರು ನಗುತ್ತಾರೆ. ಮಾತು ಏರುತ್ತದೆ, ಇಳಿಯುತ್ತದೆ. ಕೊನೆಗೆ ಇಬ್ಬರೂ ಒಪ್ಪಿದರೆ ಹುಡುಗರ ಕೈಯನ್ನು ಒಂದಕ್ಕೊಂದು ಸೇರಿಸಿ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತಾರೆ. ಇಷ್ಟು ನಿಮಿಷದ ಜೋಡಿ ಎಂದು ಗೊತ್ತಾಗುತ್ತದೆ. ಹದಿನೈದು ನಿಮಿಷ, ಅರ್ಧ ಗಂಟೆ, ದೊಡ್ಡ ಹೆಸರಿನವರಾದರೆ ಒಂದು ಗಂಟೆ. ಸಂಭಾವನೆಯೂ ಅದಕ್ಕೆ ತಕ್ಕಂತೆ. ಆಮೇಲೆ ಕರಪತ್ರ ಅಚ್ಚಾಗುತ್ತದೆ: ಪೈಲ್ವಾನನ ಹೆಸರು, ಉಸ್ತಾದರ ಹೆಸರು, ಗರಡಿಯ ಹೆಸರು, ಎದುರು ಸಾಲಿನಲ್ಲಿ ಎದುರಾಳಿಯದೂ ಹಾಗೆಯೇ. ಗುರುವಿನ ಹೆಸರಿಲ್ಲದೆ ಪೈಲ್ವಾನನ ಹೆಸರು ಅಚ್ಚಾಗುವುದಿಲ್ಲ.

ಹಣ ಕೊಟ್ಟು ಪೈಲ್ವಾನರನ್ನು ಕರೆಸಿ, ಸರಿಸಮ ಜೋಡಿ ಹಾಕಿ, ಜನ ಸೇರಿಸಿ, ಗೆದ್ದವನಿಗೆ ಪದವಿ ಕೊಡುವ ಸಂಸ್ಥೆಯನ್ನು ಹೊರದೇಶದಲ್ಲಿ ಪ್ರೊಮೋಷನ್ ಎನ್ನುತ್ತಾರೆ. ಅಮೆರಿಕದಲ್ಲಿ ಅದು ನೂರು ನೂರೈವತ್ತು ವರ್ಷದ ವ್ಯವಹಾರ. ನಮ್ಮಲ್ಲಿ ಅದಕ್ಕಿಂತ ಬಹಳ ಹಳೆಯದು. ಮೈಸೂರು ನಮ್ಮ ಕೋಲಾರದಿಂದ ಇನ್ನೂರು ಕಿಲೋಮೀಟರಿಗೂ ದೂರ ಇರಬಹುದು, ಆದರೆ ಈ ಕಥೆ ನಮ್ಮ ಸೀಮೆಯನ್ನು ಮತ್ತೆ ಮತ್ತೆ ಹಾದು ಹೋಗುತ್ತದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಅಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಲಾಗಿದೆ. ಅವರು ಏನು ತಿನ್ನಬೇಕು, ಯಾವ ಸಾಮು ಮಾಡಬೇಕು ಎಂಬ ವಿವರವಿದೆ. ಭಾರ ಎತ್ತುವುದು, ನಡೆಯುವುದು, ನೀರಿನಲ್ಲಿ ಈಜುವುದು, ಕಂಬ ಹತ್ತಿ ಮಾಡುವ ಕಸರತ್ತು, ಒಂದೊಂದಕ್ಕೂ ಬೇರೆ ಹೆಸರು. ಓದುತ್ತಿದ್ದರೆ ಯಾರೋ ಉಸ್ತಾದರ ದಿನಚರಿ ಪುಸ್ತಕ ಕೈಗೆ ಸಿಕ್ಕಂತಾಗುತ್ತದೆ. ಮಲ್ಲರನ್ನು ದರ್ಜೆ ಮಾಡುವ ಅಗತ್ಯ ಯಾರಿಗೆ ಬೀಳುತ್ತದೆ? ಜೋಡಿ ಕಟ್ಟಬೇಕಾದವನಿಗೆ.

ವಿಜಯನಗರಕ್ಕೆ ಬರೋಣ. 1520ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಮಹಾನವಮಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಕೃಷ್ಣದೇವರಾಯ ಬೆಳಗಿನ ಜಾವ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಹಚ್ಚಿಸಿಕೊಂಡು, ಭಾರ ಎತ್ತಿ, ಕತ್ತಿವರಸೆ ಮಾಡಿ, ತನ್ನ ಜಟ್ಟಿಗಳಲ್ಲೊಬ್ಬನ ಜೊತೆ ಕುಸ್ತಿ ಹಿಡಿಯುತ್ತಿದ್ದ ಎಂದು ಹೇಳುವವನೂ ಇವನೇ. ಹಬ್ಬದ ಕುಸ್ತಿ ನೋಡಿ ಪಾಯಸ್ ಬೆಚ್ಚಿದ್ದಾನೆ. ಹಲ್ಲು ಉದುರುವ, ಕಣ್ಣು ಹೋಗುವ ಏಟುಗಳು. ಮಾತೇ ನಿಂತುಹೋದವರನ್ನು ಗೆಳೆಯರು ಹೊತ್ತುಕೊಂಡು ಹೋಗುವುದು. ಈ ಭೀಕರ ವರ್ಣನೆಯನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದೇ ಜಾಗದಲ್ಲಿ ಅವನು ಬರೆದ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯ: ಮಲ್ಲರಿಗೆ ಅವರದೇ ನಾಯಕರೂ ತೀರ್ಪುಗಾರರೂ ಇದ್ದರು, ಇಬ್ಬರನ್ನೂ ಕಣದಲ್ಲಿ ಸರಿಸಮವಾಗಿ ನಿಲ್ಲಿಸುವುದು, ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆ ಗೊತ್ತುಮಾಡುವುದು ಅವರ ಕೆಲಸ. ಐನೂರು ವರ್ಷದ ಹಿಂದೆ ಪರದೇಶಿಯೊಬ್ಬ ಜೋಡಿ ಕಟ್ಟುವವರನ್ನು ಗುರುತಿಸಿದ್ದಾನೆ, ನಮ್ಮ ಪತ್ರಿಕೆಗಳು ಗುರುತಿಸುವುದಿಲ್ಲ!

ಅವನ ನಂತರ ಬಂದ ನೂನಿಜ್ ಲೆಕ್ಕ ಬರೆಯುವ ಸ್ವಭಾವದವನು. ಹಬ್ಬಕ್ಕೆಂದೇ ರಾಜನ ಬಳಿ ಸಾವಿರ ಮಲ್ಲರಿದ್ದಾರೆ, ರಾಜ್ಯದಲ್ಲಿ ಇವರಿಗೆ ಬೇರೆ ಊಳಿಗವಿಲ್ಲ ಎನ್ನುತ್ತಾನೆ. ವೃತ್ತಿಪರ ಕುಸ್ತಿಗೆ ಇದಕ್ಕಿಂತ ಚೊಕ್ಕ ವಿವರಣೆ ಬೇಕೇ? ಕೈಯಲ್ಲಿ ಮೊನೆಯುಳ್ಳ ಬಳೆಯಂಥದ್ದನ್ನು ಹಿಡಿದು ಹೊಡೆದುಕೊಳ್ಳುತ್ತಿದ್ದರು, ಹೆಚ್ಚು ಗಾಯಗೊಂಡವನಿಗೆ ರೇಷ್ಮೆ ವಸ್ತ್ರದ ಬಹುಮಾನ ಎಂದೂ ಬರೆದಿದ್ದಾನೆ. ಸೋತವನ ಮನೆಯೂ ನಡೆಯಬೇಕಲ್ಲ! ಅರಮನೆಯಲ್ಲಿ ಕುಸ್ತಿ ಆಡುವ ಹೆಂಗಸರೂ ಇದ್ದರೆಂಬುದು ಅವನದೇ ಮಾತು. ಇಂದು ದಸರಾದಲ್ಲಿ ಹೆಣ್ಣುಮಕ್ಕಳಿಗಾಗಿ ‘ದಸರಾ ಕಿಶೋರಿ’ ಪದವಿ ಇದೆ. ಇದೇನು ಹೊಸ ಕಾಲದ ಹುಚ್ಚು ಎಂದು ಮೂಗು ಮುರಿಯುವವರಿಗೆ ನೂನಿಜ್‌ನನ್ನು ಓದಿಸಬೇಕು.

ಈ ಮಹಾನವಮಿಗೂ ನಮ್ಮ ಸೀಮೆಯ ಮುಳಬಾಗಿಲಿಗೂ ಹತ್ತಿರದ ನಂಟು. ವಿಜಯನಗರದ ಕಾಲದಲ್ಲಿ ಮುಳಬಾಗಿಲು ಒಂದು ರಾಜ್ಯ, ಅಂದರೆ ಪ್ರಾಂತ್ಯ. ಕುಮಾರ ಕಂಪಣ ಮಧುರೆಯ ಮೇಲೆ ದಂಡೆತ್ತಿ ಹೊರಟದ್ದು ಇಲ್ಲಿಂದ. ಪ್ರೌಢದೇವರಾಯನ ಕಾಲದಲ್ಲಿ ಈ ಪ್ರಾಂತ್ಯವನ್ನು ಆಳಿದವರು ಲಕ್ಕಣ್ಣ ದಂಡೇಶ ಮತ್ತು ಅವನ ಸೋದರ ಮಾದಣ್ಣ. ‘ಶಿವತತ್ತ್ವ ಚಿಂತಾಮಣಿ’ ಬರೆದವನೂ ಈ ಲಕ್ಕಣ್ಣನೇ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದಾಗ ಪ್ರಾಂತ್ಯ ಪ್ರಾಂತ್ಯಗಳ ಅಧಿಕಾರಿಗಳು ಆನೆ, ಪರಿವಾರಗಳೊಂದಿಗೆ ರಾಜಧಾನಿಯಲ್ಲಿ ನೆರೆದದ್ದನ್ನು ಕಂಡ. ಸಿಂಹಳದ ಕಡೆ ಸಮುದ್ರಯಾನಕ್ಕೆ ಹೋಗಿದ್ದ ‘ದಣಾಯಕ’ನೊಬ್ಬನ ಮಾತನ್ನೂ ಬರೆದ, ಅವನೇ ನಮ್ಮ ಲಕ್ಕಣ್ಣ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಹಬ್ಬದ ನೆರವಿಗೆ ರಾಜಧಾನಿ ದಾರಿ ನೋಡುತ್ತಿದ್ದ ಪ್ರಾಂತ್ಯಗಳಲ್ಲಿ ನಮ್ಮದೂ ಒಂದು ಎಂಬುದಕ್ಕೆ ಇಷ್ಟು ಸಾಕು.

ಇನ್ನೊಂದು ನಂಟು ದೇವರದು. ಗರಡಿ ಎಂದ ಮೇಲೆ ಅಲ್ಲಿ ಹನುಮಂತ ಇರಲೇಬೇಕು. ಮುಳಬಾಗಿಲಿನ ಆಂಜನೇಯನನ್ನು ಅರ್ಜುನನೇ ಪ್ರತಿಷ್ಠಾಪಿಸಿದ ಎಂಬ ನಂಬಿಕೆ ಊರಿನಲ್ಲಿದೆ. ಅದೇ ಊರಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಮಠ. ಅವರ ಬಳಿ ಓದಿದ ವ್ಯಾಸರಾಜರು ಮುಂದೆ ವಿಜಯನಗರ ಸೇರಿ, 732 ಹನುಮನ ಗುಡಿಗಳನ್ನು ಸ್ಥಾಪಿಸಿದರೆಂದು ಪರಂಪರೆ ಹೇಳುತ್ತದೆ. ಇವತ್ತಿಗೂ ಗರಡಿಯ ಬಾಗಿಲನ್ನು ತಲೆ ಬಗ್ಗಿಸಿ ದಾಟಿದವನು ಮೊದಲು ಕೈಮುಗಿಯುವುದು ಅದೇ ಹನುಮನಿಗೆ. ಉಸ್ತಾದರು ಮುಸಲ್ಮಾನರಾಗಿದ್ದರೂ ಹುಡುಗ ಮಟ್ಟಿಯ ಮಣ್ಣನ್ನು ಹಣೆಗೆ ಒತ್ತಿಕೊಳ್ಳುತ್ತಾನೆ. ಉಸ್ತಾದರು ಹಿಂದೂಗಳಾಗಿದ್ದರೂ ಹುಡುಗ ಹಿಡಿಯುವ ಮೊದಲು ಸಲಾಮಿ ಹೊಡೆಯುತ್ತಾನೆ. ಪೈಲ್ವಾನ್, ಉಸ್ತಾದ್, ಅಖಾಡ ಎಂಬ ಮಾತುಗಳ ಪಕ್ಕದಲ್ಲೇ ಸಾಮು, ಪಟ್ಟು, ಮಟ್ಟಿ, ಜಟ್ಟಿ ಕೂತಿವೆ. ಗರಡಿಯೊಳಗೆ ಇದು ಯಾರಿಗೂ ವಿಶೇಷ ಅನ್ನಿಸಿಲ್ಲ.

1565ರಲ್ಲಿ ವಿಜಯನಗರ ಬಿತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮಹಾನವಮಿಯನ್ನು ಮತ್ತೆ ಎತ್ತಿದರು. ಆ ವಂಶದ ಕಂಠೀರವ ನರಸರಾಜ ಒಡೆಯರದು (1638–1659) ಮನೆಮಾತಾದ ಕಥೆ. ತಿರುಚಿರಾಪಳ್ಳಿಯ ಜಟ್ಟಿಯೊಬ್ಬ ತನ್ನನ್ನು ಗೆಲ್ಲುವವರಿಲ್ಲ ಎಂದು ಊರ ಬಾಗಿಲಿಗೆ ತನ್ನ ಚಲ್ಲಣ ಕಟ್ಟಿಸಿದ್ದನಂತೆ. ಬಂದವರೆಲ್ಲ ಅದರ ಕೆಳಗೆ ನುಸಿದು ಹೋಗಬೇಕು. ನರಸರಾಜರು ಪಟ್ಟಕ್ಕೆ ಬರುವ ಮುಂಚೆ ಮಾರುವೇಷದಲ್ಲಿ ಹೋಗಿ ಅವನನ್ನು ಕಾದಿ ಕೊಂದು, ಹೆಸರು ಹೇಳಿಕೊಳ್ಳದೆ ವಾಪಸಾದರೆಂದು ಹೇಳುತ್ತಾರೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ದಸರಾ ಕುಸ್ತಿಯ ‘ದಸರಾ ಕಂಠೀರವ’ ಪದವಿ, ಎರಡರಲ್ಲೂ ಇರುವುದು ಇದೇ ಹೆಸರು. ಕಥೆಯಲ್ಲಿ ಚಲ್ಲಣದ ಭಾಗ ಎಷ್ಟು ನಿಜವೋ, ಆದರೆ ಸವಾಲು ಹಾಕಿ ಜನ ಸೇರಿಸುವ ಉಪಾಯ ಮಾತ್ರ ಇಂದಿನ ಟಿ.ವಿ. ಕುಸ್ತಿಯವರಿಗೂ ಅದೇ.

ಮುಂದಿನ ಅಧ್ಯಾಯ ನೇರವಾಗಿ ಕೋಲಾರದ್ದು. ಕೋಲಾರದ ಫೌಜುದಾರನಾಗಿದ್ದ ಫತೇ ಮಹಮ್ಮದನ ಗೋರಿ ಇಂದಿಗೂ ಊರಿನಲ್ಲಿದೆ. ಅವನ ಮಗ, ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ, ಮೈಸೂರಿನ ಅಧಿಕಾರ ಹಿಡಿದ ಮೇಲೂ ದಸರಾ ನಿಲ್ಲಿಸಲಿಲ್ಲ. ಒಡೆಯರನ್ನು ಸಿಂಹಾಸನದ ಮೇಲೆ ಕೂರಿಸಿ ಹಬ್ಬ ನಡೆಸುತ್ತಿದ್ದ. ಟಿಪ್ಪುವಿನ ಕಾಲದ ಜಟ್ಟಿ ಕಾಳಗವನ್ನು ನೋಡಿದ ಇಂಗ್ಲಿಷ್ ಕೈದಿ ಜೇಮ್ಸ್ ಸ್ಕರಿ ತನ್ನ ಹತ್ತು ವರ್ಷದ ಸೆರೆವಾಸದ ಕಥೆಯಲ್ಲಿ (ಅದು ಅಚ್ಚಾದದ್ದು 1824ರಲ್ಲಿ) ವಿವರಿಸಿದ್ದಾನೆ: ಬೋಳಿಸಿದ ತಲೆ, ಎಣ್ಣೆ ಹಚ್ಚಿದ ಮೈ, ತುಂಡು ಚಡ್ಡಿ, ಬಲಗೈ ಬೆರಳ ಗೆಣ್ಣುಗಳ ಮೇಲೆ ಉಕ್ಕಿನ ಉಗುರು. ಜಟ್ಟಿಗಳದು ಬರೀ ಆಟವಾಗಿರಲಿಲ್ಲ. ಅಪರಾಧಿಗಳ ಕೊರಳು ಮುರಿಯುವ ಕೆಲಸವನ್ನೂ ದೊರೆಗಳು ಅವರಿಂದ ಮಾಡಿಸುತ್ತಿದ್ದರು. ಇದನ್ನು ಮುಚ್ಚಿಡಬೇಕಾಗಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೈಸೂರಿನಲ್ಲಿ ಪಟ್ಟಕ್ಕೆ ಕೂರಿಸಿದರು. ದಸರಾ ಮೈಸೂರಿಗೆ ಬಂತು. ಆಡಳಿತ ನಡೆಸುತ್ತಿದ್ದವರು ದಿವಾನ್ ಪೂರ್ಣಯ್ಯ. ನಮ್ಮ ಸೀಮೆಯ ಪಾಪನಪಲ್ಲಿ ಎಂಬ ಊರಿಗೆ ತಮ್ಮ ಮಗನ ಹೆಸರಿಟ್ಟು ಶ್ರೀನಿವಾಸಪುರ ಮಾಡಿದವರೂ ಅವರೇ. ಮಾವಿನ ಹಣ್ಣಿನ ಲೆಕ್ಕದಲ್ಲಷ್ಟೇ ಶ್ರೀನಿವಾಸಪುರವನ್ನು ನೆನೆಯುವವರು ಇದನ್ನೂ ನೆನೆಯಬಹುದು.

ಇಲ್ಲಿಂದ ಮುಂದೆ ಎರಡು ಬಗೆಯ ಕುಸ್ತಿ ಬೇರೆ ಬೇರೆ ದಾರಿ ಹಿಡಿದವು. ಒಂದು ಜಟ್ಟಿಗಳ ವಜ್ರಮುಷ್ಟಿ. ಅದು ಅರಮನೆಯೊಳಗೆ ಉಳಿಯಿತು. ವಿಜಯದಶಮಿಯಂದು, ಜಂಬೂ ಸವಾರಿ ಹೊರಡುವ ಮುಂಚೆ, ಕರಿಕಲ್ಲು ತೊಟ್ಟಿಯಲ್ಲಿ ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು ಇಬ್ಬಿಬ್ಬರಾಗಿ ನಿಲ್ಲುತ್ತಾರೆ. ಯಾರದಾದರೂ ತಲೆಯಿಂದ ನೆತ್ತರು ಚಿಮ್ಮಿದರೆ ಮುಗಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುವುದೂ ಉಂಟು. ಅಲ್ಲಿ ಜನವಿಲ್ಲ, ಟಿಕೆಟ್ ಇಲ್ಲ. ಅದು ಹಬ್ಬದ ಒಂದು ವಿಧಿ.

ಇನ್ನೊಂದು, ಊರ ಗರಡಿಗಳ ನಾಡಕುಸ್ತಿ. ಅದಕ್ಕೆ ಜನವೇ ಜೀವ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಮೈಸೂರಿನಲ್ಲಿ ಓಣಿ ಓಣಿಗೂ ಗರಡಿ ಎನ್ನುವ ಸ್ಥಿತಿ ಇತ್ತು. ಮಟ್ಟಿಯ ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ತುಪ್ಪ, ಅರಿಶಿನ, ಕುಂಕುಮ, ನಿಂಬೆರಸ ಬೆರೆಸಿ ಹದ ಮಾಡುತ್ತಾರೆ. ಗಟ್ಟಿಯಾದರೆ ಮೂಳೆಗೆ ಕೇಡು, ತೀರ ಸಡಿಲವಾದರೆ ಕಾಲು ಹೂಳುತ್ತದೆ. (ಮಣ್ಣಿನ ಹದ ಎಂದರೇನೆಂದು ಹೆಂಚು, ಇಟ್ಟಿಗೆಯ ಮಾಲೂರಿನವರಿಗೆ ಹೇಳಿಕೊಡಬೇಕಾಗಿಲ್ಲ.) ಬೆಳಗಿನ ಜಾವ ದಂಡ, ಬಸ್ಕಿ, ಗದೆ, ಆಮೇಲೆ ಪಟ್ಟುಗಳ ಕಲಿಕೆ. ಅಖಾಡದಲ್ಲಿ ಇಬ್ಬರೂ ತೊಡೆ ತಟ್ಟಿ ಸುತ್ತು ಹಾಕಿ, ಒಂದು ಹಿಡಿ ಮಣ್ಣನ್ನು ಒಬ್ಬರ ಮೈಮೇಲೊಬ್ಬರು ಎರಚುತ್ತಾರೆ. ಅದು ಜಗಳವಲ್ಲ, ಬೆವರಿದ ಮೈ ಕೈಗೆ ಹಿಡಿತ ಸಿಗಲಿ ಎಂದು. ಬೆನ್ನು ನೆಲ ಮುಟ್ಟಿದರೆ ಚಿತ್. ಅಂಕದ ಲೆಕ್ಕವಿಲ್ಲ. ಚಿತ್ ಆಗುವವರೆಗೂ ನಡೆಯುವ ಜೋಡಿಗೆ ಮಾರ್ಫಿಟ್ ಕುಸ್ತಿ ಎನ್ನುತ್ತಾರೆ. ಜನ ಕಾಯುವುದು ಅದಕ್ಕೇ.

ಅದೇ ಕಾಲದಲ್ಲಿ ಹೊರಗಿನ ಪ್ರಪಂಚದ ಕುಸ್ತಿ ಬೇರೆ ರೂಪ ಪಡೆಯುತ್ತಿತ್ತು. 1910ರಲ್ಲಿ ಗಾಮಾ ಪೈಲ್ವಾನ ಲಂಡನ್ನಿಗೆ ಹೋಗಿ ಪೋಲೆಂಡಿನ ಸ್ಬಿಸ್ಕೊ ಎದುರು ಎರಡೂವರೆ ಗಂಟೆಗೂ ಮೀರಿ ಹಿಡಿದ. ಸ್ಬಿಸ್ಕೊ ನೆಲಕ್ಕೆ ಅಂಟಿಕೊಂಡು ಬಿದ್ದಿದ್ದ, ಪಂದ್ಯ ಸಮವಾಯಿತು. ವಾರ ಬಿಟ್ಟು ಮತ್ತೆ ಹಿಡಿಯಬೇಕಾದ ದಿನ ಸ್ಬಿಸ್ಕೊ ಬರಲೇ ಇಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಇಬ್ಬರೂ ಎದುರಾದಾಗ ಒಂದು ನಿಮಿಷದೊಳಗೆ ಗಾಮಾ ಗೆದ್ದ. ಆ ಹೊತ್ತಿಗೆ ಅಮೆರಿಕದಲ್ಲಿ ಫಲಿತಾಂಶ ಮೊದಲೇ ಗೊತ್ತುಮಾಡಿಕೊಂಡು ಆಡುವ ಪದ್ಧತಿ ಬೇರೂರಿತ್ತು. 1950ರ ದಶಕದಲ್ಲಿ ದಾರಾ ಸಿಂಗ್, ಹಂಗೇರಿ ಮೂಲದ ಕಿಂಗ್ ಕಾಂಗ್ ಮೊದಲಾದವರ ಫ್ರೀಸ್ಟೈಲ್ ಪಂದ್ಯಗಳು ಭಾರತದ ದೊಡ್ಡ ಊರುಗಳಲ್ಲಿ ಜನ ಸೆಳೆದವು. ಅದೇ ದಾರಾ ಸಿಂಗ್ 1987ರಲ್ಲಿ ರಾಮಾಯಣ ಧಾರಾವಾಹಿಯ ಹನುಮಂತನಾಗಿ ನಮ್ಮ ಊರೂರಿನ ಟಿ.ವಿ.ಗೆ ಬಂದ. ಗರಡಿಯ ದೇವರ ಪಾತ್ರಕ್ಕೆ ಪೈಲ್ವಾನನೇ ಬಂದದ್ದು ಸರಿಯಾಗಿಯೇ ಇತ್ತು.

1989ರಲ್ಲಿ ಅಮೆರಿಕದ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯೇ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ, ನಮ್ಮದು ಸ್ಪರ್ಧೆಯಲ್ಲ ಮನರಂಜನೆ ಎಂದು ಒಪ್ಪಿಕೊಂಡಿತು. ಕ್ರೀಡೆಗೆ ಹಾಕುತ್ತಿದ್ದ ತೆರಿಗೆ, ನಿಯಮಗಳಿಂದ ತಪ್ಪಿಸಿಕೊಳ್ಳುವುದಕ್ಕೆ ಆಡಿದ ಸತ್ಯ ಅದು. ಆ ಸುದ್ದಿ ನಮ್ಮ ಹುಡುಗರಿಗೆ ಮುಟ್ಟಲಿಲ್ಲ. ತೊಂಬತ್ತರ ದಶಕದಲ್ಲಿ ಕೇಬಲ್ ಬಂದಾಗ ಕೋಲಾರದ ಬೀದಿಗಳಲ್ಲಿ ಟ್ರಂಪ್ ಕಾರ್ಡಿನಲ್ಲಿ ಅಂಡರ್‌ಟೇಕರನ ಎತ್ತರ, ತೂಕ ಬಾಯಿಪಾಠ ಮಾಡಿದ ಮಕ್ಕಳಿದ್ದರು. ನಾನು ಆ ಆಟವನ್ನು ಹೀಗಳೆಯುವುದಿಲ್ಲ. ಅಷ್ಟು ಎತ್ತರದಿಂದ ಬೀಳುವುದಕ್ಕೂ ಸಾಮು ಬೇಕು. ಆದರೆ ಅಲ್ಲಿ ಜೋಡಿ ಕಟ್ಟುವವನೇ ಗೆಲುವನ್ನೂ ಕಟ್ಟಿಡುತ್ತಾನೆ. ಮೈಸೂರಿನ ಉಸ್ತಾದರು ಜೋಡಿ ಕಟ್ಟಿ, ಗೆಲುವನ್ನು ಮಟ್ಟಿಗೆ ಬಿಡುತ್ತಾರೆ.

1971ರಲ್ಲಿ ರಾಜಧನ ರದ್ದಾದ ಮೇಲೆ ಅರಮನೆಯ ದಸರಾ ಸೊರಗಿತು, ಸರ್ಕಾರ ಅದನ್ನು ನಾಡಹಬ್ಬವಾಗಿ ಎತ್ತಿಕೊಂಡಿತು. ಅಖಾಡ ಖಾಲಿ ಬೀಳಬಹುದಾಗಿದ್ದ ಹೊತ್ತು ಅದು. ಬೀಳಲಿಲ್ಲ, ಏಕೆಂದರೆ ಗರಡಿಗಳನ್ನು ನಡೆಸುತ್ತಿದ್ದವರು ಅರಮನೆಯವರಲ್ಲ, ಹಾಲು ಮಾರುವವರು, ಕೂಲಿ ಮಾಡುವವರು, ಸಣ್ಣ ಅಂಗಡಿಯವರು. ಮೈಸೂರಿನ ದೊಡ್ಡಕೆರೆ ಮೈದಾನದ ಅಖಾಡಕ್ಕೆ ಇಂದು ಸಾಹುಕಾರ್ ಎಸ್. ಚನ್ನಯ್ಯನವರ ಹೆಸರಿದೆ, ಪಕ್ಕದ ಕ್ರೀಡಾಂಗಣಕ್ಕೆ ಡಿ. ದೇವರಾಜ ಅರಸರ ಹೆಸರು. ದಸರಾ ಕಂಠೀರವ, ದಸರಾ ಕೇಸರಿ, ದಸರಾ ಕುಮಾರ, ದಸರಾ ಕಿಶೋರಿ ಪದವಿಗಳಿಗೆ ಮಣ್ಣಿನ ನಾಡಕುಸ್ತಿಯ ಜೊತೆಗೆ ಮ್ಯಾಟಿನ ಪಾಯಿಂಟ್ ಕುಸ್ತಿಯೂ ಸೇರಿಕೊಂಡಿದೆ. ಒಲಿಂಪಿಕ್ಸಿನ ದಾರಿ ಮ್ಯಾಟಿನ ಮೇಲೆಯೇ ಇರುವುದರಿಂದ ಇದನ್ನು ತಪ್ಪು ಎನ್ನಲಾಗದು.

ಕಂಪನಿಗಳೂ ಕೈ ಹಾಕಿ ನೋಡಿದವು. ಅಮೆರಿಕದ ಸಂಸ್ಥೆಯೊಂದು ಪುಣೆಯಲ್ಲಿ ಚಿತ್ರೀಕರಿಸಿದ ‘ರಿಂಗ್ ಕಾ ಕಿಂಗ್’ 2012ರಲ್ಲಿ ಟಿ.ವಿ.ಯಲ್ಲಿ ಬಂತು, ಒಂದೇ ಸುತ್ತಿಗೆ ನಿಂತಿತು. 2015ರ ಡಿಸೆಂಬರಿನಲ್ಲಿ ಪ್ರೊ ರೆಸ್ಲಿಂಗ್ ಲೀಗ್ ಶುರುವಾದಾಗ ಆರು ತಂಡಗಳಲ್ಲಿ ‘ಬೆಂಗಳೂರು ಯೋಧಾಸ್’ ಒಂದಾಗಿತ್ತು. ನಿಜವಾದ ಕುಸ್ತಿ, ದೊಡ್ಡ ಹೆಸರುಗಳು, ಹರಾಜಿನಲ್ಲಿ ಕೊಂಡ ಪೈಲ್ವಾನರು. 2017ರ ಎರಡನೆಯ ಆವೃತ್ತಿಯಲ್ಲಿ ಬೆಂಗಳೂರಿನ ತಂಡವೇ ಇರಲಿಲ್ಲ. ಕೊಂಡವರು ಬಿಟ್ಟರೆ ತಂಡ ಹೋಯಿತು. ಗರಡಿಯ ಹುಡುಗನನ್ನು ಹಾಗೆ ಬಿಡಲಾಗುವುದಿಲ್ಲ. ಅವನು ಸೋತರೆ ಉಸ್ತಾದರ ಹೆಸರು ಹೋಗುತ್ತದೆ, ಗರಡಿಯ ಹೆಸರು ಹೋಗುತ್ತದೆ, ಮುಂದಿನ ವರ್ಷ ಜೋಡಿ ಕಟ್ಟುವಾಗ ಅವನನ್ನು ಇಳಿದ ದರ್ಜೆಯಲ್ಲಿ ನಿಲ್ಲಿಸಬೇಕಾಗುತ್ತದೆ. ಈ ಲೆಕ್ಕ ಯಾವ ಕಂಪನಿಯ ಪುಸ್ತಕದಲ್ಲೂ ಇಲ್ಲ.

ಓದುಗರಲ್ಲಿ ಒಂದು ಕೋರಿಕೆ. ಕುಸ್ತಿಯ ಚರಿತ್ರೆ ಶಾಸನಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಕರಪತ್ರಗಳಲ್ಲಿದೆ: ಬಣ್ಣದ ಹಾಳೆಯಲ್ಲಿ ಅಚ್ಚಾಗಿ, ಪಂದ್ಯ ಮುಗಿದ ಸಂಜೆ ಕಡಲೆಕಾಯಿ ಪೊಟ್ಟಣವಾಗಿ ಹೋಗುವ ಕರಪತ್ರಗಳಲ್ಲಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಯಾವ ಮನೆಯಲ್ಲಾದರೂ ಅಜ್ಜ ಗರಡಿಗೆ ಹೋಗಿದ್ದರೆ ಟ್ರಂಕು ತೆಗೆದು ನೋಡಿ. ಕರಪತ್ರ, ಪದಕ, ಉಸ್ತಾದರ ಜೊತೆ ತೆಗೆಸಿದ ಫೋಟೊ ಸಿಕ್ಕರೆ ಮೊಬೈಲಿನಲ್ಲಿ ಪ್ರತಿ ತೆಗೆದು, ಅದರಲ್ಲಿ ಕಾಣುವವರ ಹೆಸರು, ಗರಡಿ, ಇಸವಿಯನ್ನು ಬದುಕಿರುವ ಹಿರಿಯರಿಂದ ಕೇಳಿ ಬರೆಸಿಕೊಂಡು, ಹತ್ತಿರದ ಗ್ರಂಥಾಲಯಕ್ಕೋ ಕಾಲೇಜಿನ ಇತಿಹಾಸ ವಿಭಾಗಕ್ಕೋ ಒಂದು ಪ್ರತಿ ಕೊಡಿ. ಗೆದ್ದವನ ಹೆಸರಿನ ಜೊತೆಗೆ ಜೋಡಿ ಕಟ್ಟಿದವರ ಹೆಸರನ್ನೂ ಮರೆಯದೆ ಬರೆಸಿ.